ಚೆನ್ನಾಗೈತಿ ಅಂದರೆ ದಂಡ

ಆಗೆಲ್ಲ ಒಂದು ರೋಲಿನಲ್ಲಿ ಮೂವತ್ತಾರು ಫೋಟೋ. ರೋಲಿಗೆ ನೂರು ರೂಪಾಯಿ, ತೊಳೆಸುವುದಕ್ಕೆ ಬೇರೆ, ಪ್ರಿಂಟಿಗೆ ಬೇರೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿಬರುವ ಬಸ್ ಚಾರ್ಜು, ಹೊಳೆ ಕಡೆಯ ಹೋಟೆಲಿನಲ್ಲಿ ಎರಡು ಚಹಾ, ಒಂದು ದಿನ ಕೆಲಸ ಬಿಟ್ಟದ್ದರ ಕೂಲಿ, ಇಷ್ಟೆಲ್ಲ ಸೇರಿಸಿ ಭಾಗ ಹಾಕಿದರೆ, ಬೆಳ್ಳಕ್ಕಿ ಬೆನ್ನು ತೋರಿಸಿ ಕೂತ ಫೋಟೋಕ್ಕೂ ಒಂದು ಹೊತ್ತಿನ ಊಟದ ದುಡ್ಡು ಬೀಳುತ್ತಿತ್ತು. ಜಿಲಾನಿ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ. ಒಂದು ಥಾನು ಬಟ್ಟೆಯಲ್ಲಿ ಎಷ್ಟು ಪ್ಯಾಂಟು ಏಳುತ್ತವೆ, ಎಷ್ಟು ತುಂಡು ನೆಲಕ್ಕೆ ಬೀಳುತ್ತದೆ ಎಂದು ಕಣ್ಣಳತೆಯಲ್ಲೇ ಹೇಳುವವನು. ಹಾಗಾಗಿ ಬಟನ್ನಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಯೋಚನೆ ಮಾಡುತ್ತಿದ್ದ. ಅಷ್ಟರಲ್ಲಿ ಎಷ್ಟೋ ಹಕ್ಕಿಗಳು ಹಾರಿಹೋಗಿದ್ದವು.

ಈಗ ಬಟನ್ ಒತ್ತುವುದಕ್ಕೆ ಕಾಸು ಖರ್ಚಿಲ್ಲ. ಕೆಲಸ ಬಿಟ್ಟಾಗ ಕೈಗೆ ಬಂದ ದುಡ್ಡಿನಲ್ಲಿ ದೊಡ್ಡ ಪಾಲು ಹೊಸ ಕ್ಯಾಮೆರಾಕ್ಕೂ ಮೊಳದುದ್ದದ ಲೆನ್ಸಿಗೂ ಹೋಯಿತು, ಅದು ನಿಜ. ಹೆಂಡತಿ ಕುಲ್ಸುಂಬೀ ಆ ಲೆನ್ಸನ್ನು ಮೊದಲ ಸಲ ನೋಡಿದಾಗ, "ಬರ್ರಿ, ಸವತಿ ಕರಕೊಂಡು ಬಂದೀರಿ. ಆಕಿಗೂ ಒಂದು ತಲಿದಿಂಬು ಹಾಕ್ಲೇನು?" ಎಂದಿದ್ದಳು. ಆದರೆ ಅದಾದ ಮೇಲೆ ಎಲ್ಲ ಪುಕ್ಕಟೆ. ಒಂದು ಮುಂಜಾನೆಗೆ ಐನೂರು ಫೋಟೋ ತೆಗೆದರೂ ಕೇಳುವವರಿಲ್ಲ.

ಆ ಕಾಲದಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು ಒಂದೇ, ಬೈಗಳು. ಈಗ ಜಿಲಾನಿಗೆ ಎಷ್ಟು ದುಡ್ಡು ಕೊಟ್ಟರೂ ಸಿಗದಂತಾಗಿದ್ದದ್ದು ಅದೇ.

ಬೈಗಳು ಸಿಗುತ್ತಿದ್ದ ಜಾಗ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ಎರ್ರಿಸ್ವಾಮಿಯ ಫೋಟೋ ಸ್ಟುಡಿಯೋ. ಭಾನುವಾರ ಮಧ್ಯಾಹ್ನ ಎರ್ರಿಸ್ವಾಮಿ ಶಟರ್ ಅರ್ಧ ಇಳಿಸಿ, ಮದುವೆ ಫೋಟೋಗಳನ್ನು ಒಣಹಾಕುವ ದಾರ ಖಾಲಿ ಮಾಡುತ್ತಿದ್ದ. ಬಗ್ಗಿಕೊಂಡು ಒಳಗೆ ಬಂದವರು ತಂತಮ್ಮ ಹಕ್ಕಿ, ಹುಳ, ಹೂವು, ಬಂಡೆಗಳ ಫೋಟೋವನ್ನು ಆ ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಡಬೇಕು. ಐದಾರು ಜನ ಸೇರುತ್ತಿದ್ದರು. ಯಾರೂ ಫೋಟೋದಿಂದ ಹೊಟ್ಟೆ ಹೊರೆದವರಲ್ಲ, ಎರ್ರಿಸ್ವಾಮಿಯೊಬ್ಬನನ್ನು ಬಿಟ್ಟು.

ಅಲ್ಲಿ ಎರಡು ಕಟ್ಟಳೆ. ಮೊದಲನೆಯದು, ಫೋಟೋ ತೆಗೆದವನು ಬಾಯಿ ಬಿಡುವಂತಿಲ್ಲ. ಎಷ್ಟು ಹೊತ್ತು ಕಾದೆ, ಕೆಸರಿನಲ್ಲಿ ಹೇಗೆ ಮಲಗಿದೆ, ಜಾಲಿಮುಳ್ಳು ಎಲ್ಲಿ ಚುಚ್ಚಿತು, ಇದ್ಯಾವುದನ್ನೂ ಹೇಳಬಾರದು. "ನಿನ್ನ ಕಷ್ಟ ಫೋಟೋದಾಗ ಕಂಡ್ರ ಕಂಡೀತು. ಇಲ್ಲಾಂದ್ರ ನಿನ್ನ ಹೆಂಡ್ತಿ ಮುಂದ ಹೇಳ್ಕೋ ಹೋಗು" ಎನ್ನುತ್ತಿದ್ದ ಎರ್ರಿಸ್ವಾಮಿ. ಎರಡನೆಯದು, ಯಾರೂ "ಚೆನ್ನಾಗೈತಿ" ಅನ್ನುವಂತಿಲ್ಲ. ಅಂದವನು ಅಷ್ಟೂ ಜನಕ್ಕೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಬೇಕು. ಚೆನ್ನಾಗೈತಿ ಅನ್ನುವುದು ಬಾಗಿಲಿಗೆ ಬಂದವರನ್ನು ಮುಂದೆ ಸಾಗಹಾಕುವ ಮಾತು, ನೋಡಿದವನ ಮಾತಲ್ಲ ಎಂದು ಅವರ ವಾದ.

ಎರ್ರಿಸ್ವಾಮಿಗೆ ಇನ್ನೊಂದು ಚಾಳಿ ಇತ್ತು. ಪ್ರಿಂಟನ್ನು ದಾರದಿಂದ ಬಿಚ್ಚಿ ತಲೆಕೆಳಗು ಮಾಡಿ ಹಿಡಿದು ನೋಡುತ್ತಿದ್ದ. "ಹಕ್ಕಿ ಹಕ್ಕಿ ಅಂತ ಮಳ್ಳಾಗಬ್ಯಾಡ್ರಿ. ತಲಿಕೆಳಗ ಮಾಡಿದ್ರ ಹಕ್ಕಿ ಹೋಗಿ ಬರೀ ಬೆಳಕು, ನೆರಳು ಉಳೀತೈತಿ. ಯಾವ ಕಡಿ ಭಾರ ಆಗೈತಿ ಅಂತ ಆಗ ತಿಳೀತೈತಿ." ನಾಲ್ಕು ಭಾನುವಾರ ಅಲ್ಲಿಗೆ ಬಂದವರಿಗೆಲ್ಲ ಈ ಚಾಳಿ ಅಂಟುತ್ತಿತ್ತು. ಜಿಲಾನಿ ಮನೆಯಲ್ಲಿ ಕ್ಯಾಲೆಂಡರನ್ನೂ ತಲೆಕೆಳಗು ಮಾಡಿ ನೋಡುತ್ತಿದ್ದ. ಪ್ಯಾಂಟಿನ ಪ್ಯಾಟರ್ನ್ ಮಾಡುವ ದಪ್ಪ ರಟ್ಟಿನಿಂದ ಅವನೇ ಎಲ್ ಆಕಾರದ ಎರಡು ಮೂಲೆಮಟ್ಟ ಕತ್ತರಿಸಿ ಕೊಟ್ಟಿದ್ದ. ಅವನ್ನು ಫೋಟೋದ ಮೇಲೆ ಹಿಂದೆ ಮುಂದೆ ಸರಿಸಿದರೆ, ಎಷ್ಟು ಭಾಗ ಉಳಿಸಬೇಕು, ಎಷ್ಟು ಕತ್ತರಿಸಬೇಕು ಎಂದು ಕಾಣುತ್ತಿತ್ತು.

ಆ ರಟ್ಟುಗಳು ಯಾವಾಗಲೂ ಇರುತ್ತಿದ್ದದ್ದು ದೊಡ್ಡಬಸವರಾಜನ ಕೈಯಲ್ಲಿ. ಎಲ್ಲರಿಗೂ ಬಸಣ್ಣ. ಕುರುಗೋಡಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಭಾನುವಾರ ಅಂಗಡಿಯನ್ನು ಹೆಂಡತಿ ಸುವರ್ಣಮ್ಮನಿಗೆ ಬಿಟ್ಟು ಬಸ್ ಹತ್ತಿ ಬರುತ್ತಿದ್ದ. ಅವನ ಹತ್ತಿರ ಇದ್ದದ್ದು ಒಂದೇ ಪ್ರಶ್ನೆ. ಫೋಟೋದ ಯಾವುದೋ ಮೂಲೆಗೆ ಉಗುರು ಇಟ್ಟು, "ಇದು ಯಾಕಿಲ್ಲಿ ಐತಿ?" ಎನ್ನುವನು. ಬಾಯಿ ಬಿಡುವಂತಿಲ್ಲವಾದ್ದರಿಂದ ಫೋಟೋದವನು ಒಳಗೊಳಗೇ ಉತ್ತರ ಹುಡುಕಬೇಕು. ಬಹಳ ಸಲ ಉತ್ತರ ಇರುತ್ತಿರಲಿಲ್ಲ.

ಜಿಲಾನಿ ಒಮ್ಮೆ ಮಿಂಚುಳ್ಳಿಯ ಫೋಟೋ ತಂದಿದ್ದ. ಎಲ್ಲರ ಕತ್ತೂ ಆ ಕಡೆ ತಿರುಗಿತು, ಅಷ್ಟು ನೀಲಿ. ಬಸಣ್ಣ ಉಗುರಿಟ್ಟ. "ಈ ಒಣಾ ಕೊಂಬಿ ಯಾಕಿಲ್ಲಿ ಐತಿ? ಹಕ್ಕಿ ಸಣ್ಣದು, ಕೊಂಬಿ ಕ್ವಾಣದಂಥದು. ಲೇ ಜಿಲಾನಿ, ನೀ ಕೊಂಬಿ ಫೋಟೋ ತಗದಿ. ಅದರ ಮ್ಯಾಲೆ ಹಕ್ಕಿ ಬಂದು ಕುಂತೈತಿ, ಪಾಪ." ಅವತ್ತು ಜಿಲಾನಿ ಮಿರ್ಚಿ ಮುಟ್ಟಲಿಲ್ಲ. ಮನೆಗೆ ಬಂದು ಕುಲ್ಸುಂಬೀಯ ಮೇಲೆ ರೇಗಿದ. ಮುಂದಿನ ವಾರ ಸಿರುಗುಪ್ಪದ ಅದೇ ಕಾಲುವೆಗೆ ಹೋಗಿ ಕೂತ. ಎರಡು ತಿಂಗಳಾದ ಮೇಲೆ ಇನ್ನೊಂದು ಮಿಂಚುಳ್ಳಿ ತಂದು ದಾರಕ್ಕೆ ತೂಗುಬಿಟ್ಟಾಗ ಬಸಣ್ಣ ಎದ್ದು ಹತ್ತಿರ ಹೋದ, ರಟ್ಟು ಇಟ್ಟ, ತೆಗೆದ, ಮತ್ತೆ ಇಟ್ಟ, ಮತ್ತೆ ತೆಗೆದ. ಏನೂ ಅನ್ನದೆ ಬಂದು ಕೂತ. ಇದು ಯಾಕಿಲ್ಲಿ ಐತಿ ಎಂದು ಕೇಳುವುದಕ್ಕೆ ಅವನಿಗೆ ಏನೂ ಸಿಕ್ಕಿರಲಿಲ್ಲ. ಜಿಲಾನಿ ಆ ದಿನ ಬಸ್ಸಿಗೆ ಕಾಯದೆ ಮನೆಯವರೆಗೆ ನಡೆದುಕೊಂಡೇ ಹೋದ.

ಎರ್ರಿಸ್ವಾಮಿ ತೀರಿಕೊಂಡ ಮೇಲೆ ಸ್ಟುಡಿಯೋ ಹೋಯಿತು. ಅಲ್ಲೀಗ ಮೊಬೈಲ್ ರಿಪೇರಿ ಅಂಗಡಿ ಇದೆ. ಭಾನುವಾರಗಳು ತಾವಾಗಿಯೇ ನಿಂತವು. ಯಾರೂ ನಿಲ್ಲಿಸಲಿಲ್ಲ, ಯಾರೂ ನಡೆಸಲೂ ಇಲ್ಲ. ಜಿಲಾನಿ, ಬಸಣ್ಣ ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಿದ್ದರು. ಬರಬರುತ್ತ ಅದೂ ಸಣ್ಣದಾಯಿತು.

ಈಗ ಇರುವುದು ಫೋನಿನ ಗುಂಪು. ಪಾರ್ವತಿನಗರದಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟಿರುವ ಡಾಕ್ಟರ್ ಶಾಂಭವಿ ಅದನ್ನು ಶುರು ಮಾಡಿದವಳು. ಒಳ್ಳೆಯ ಹೆಣ್ಣುಮಗಳು, ಸ್ವತಃ ಚಿಟ್ಟೆಗಳ ಫೋಟೋ ಚೆನ್ನಾಗಿ ತೆಗೆಯುತ್ತಾಳೆ. ಹಳಬರನ್ನೆಲ್ಲ ಹುಡುಕಿ ಸೇರಿಸಿದಳು. ಅಲ್ಲಿ ಜಿಲಾನಿ ಏನು ಹಾಕಿದರೂ ಹೂವು, ಚಪ್ಪಾಳೆ, ಬೆಂಕಿ ಚಿತ್ರ ಬಂದು ಬೀಳುತ್ತವೆ. ಸೂಪರ್ ಅಂಕಲ್, ಅದ್ಭುತ ಸರ್, ಮಾಶಾಲ್ಲಾ. ಮೊದಮೊದಲು ಖುಷಿಯಾಯಿತು. ಒಂದು ದಿನ ಬೇಕಂತಲೇ, ಕೈ ಅಲುಗಿ ಮಸುಕಾದ ಗೊರವಂಕದ ಫೋಟೋ ಹಾಕಿ ನೋಡಿದ. ಅದಕ್ಕೂ ಅಷ್ಟೇ ಹೂವು ಬಂದವು. ಆಮೇಲೆ ಅವನಿಗೆ ಆ ಹೂವುಗಳಲ್ಲಿ ರುಚಿ ಉಳಿಯಲಿಲ್ಲ.

ಅದಕ್ಕಿಂತ ನೋವಾಗಿದ್ದು ಬೇರೆ. ಆ ಗುಂಪಿನಲ್ಲಿ ಬಸಣ್ಣನೂ ಇದ್ದ. ಜಿಲಾನಿ ಏನು ಹಾಕಿದರೂ ಬಸಣ್ಣನ ಹೆಸರಿನಿಂದ ಒಂದು ಹೆಬ್ಬೆರಳು ಬರುತ್ತಿತ್ತು. ಮಾತಿಲ್ಲ, ಪ್ರಶ್ನೆಯಿಲ್ಲ. ಅಲುಗಿಹೋದ ಗೊರವಂಕಕ್ಕೂ ಅದೇ ಹೆಬ್ಬೆರಳು.

"ನನ್ನ ಮ್ಯಾಲೆ ಆಸೆ ಬಿಟ್ಟಾನ ಕುಲ್ಸುಂ," ಎಂದ ಒಂದು ಸಂಜೆ. "ಬೈಯಾಕೂ ಲಾಯಕ್ಕಿಲ್ಲ ಅಂತ ತಿಳಕೊಂಡಾನ."

"ನಿಮಗ ಬೈಗಳ ಬೇಕಂದ್ರ ಕುರುಗೋಡಿಗ್ಯಾಕ ಹೋಗ್ತೀರಿ? ನಾನಿಲ್ಲೇನು ಮನ್ಯಾಗ?" ಎಂದಳು ಕುಲ್ಸುಂಬೀ. ಆಮೇಲೆ ಗಂಡನ ಮುಖ ನೋಡಿ, "ಹೋಗಿ ಕೇಳ್ರಿ ಮತ್ತ. ಫೋನಿನಾಗ ಗೆಳೆತನ ಹಣ್ಣಾಗಂಗಿಲ್ಲ" ಎಂದಳು.

ಹೋಗುವುದಕ್ಕೆ ಒಂದು ಕಾರಣವೂ ಒದಗಿಬಂತು. ಶಾಂಭವಿ ಊರಿನಲ್ಲಿ ಒಂದು ಹಾಲ್ ಹಿಡಿದು ನಿಸರ್ಗ ಫೋಟೋಗಳ ಪ್ರದರ್ಶನ ಇಟ್ಟಳು. ಒಬ್ಬರಿಗೆ ಒಂದೇ ಫೋಟೋ, ದೊಡ್ಡದಾಗಿ ಮಾಡಿ ಗೋಡೆಗೆ. ಜಿಲಾನಿಯ ಫೋಟೋ ಈವರೆಗೆ ದಾರಕ್ಕೆ ತೂಗಿತ್ತೇ ಹೊರತು ಗೋಡೆ ಹತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ಅಂಥ ಆಸೆ ಮಕ್ಕಳ ಆಸೆಯಷ್ಟೇ ಜೋರಾಗಿರುತ್ತದೆ. ಅವನ ಕೈಯಲ್ಲಿ ಎರಡು ಫೋಟೋ ಉಳಿದವು, ಎರಡೂ ಸಿರುಗುಪ್ಪದವೇ. ಒಂದು, ಹೊಳೆಯ ಮೇಲೆ ಕೆಂಪು ಸೂರ್ಯನಿಗೆ ಎದುರಾಗಿ ರೆಕ್ಕೆ ಬಿಚ್ಚಿದ ಬೆಳ್ಳಕ್ಕಿ. ಗುಂಪಿನಲ್ಲಿ ಅದಕ್ಕೆ ಹೂವಿನ ರಾಶಿಯೇ ಬಿದ್ದಿತ್ತು. ಇನ್ನೊಂದು ಗೀಜಗ ಗೂಡು ನೇಯುವುದು. ಅದನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಯಾವುದನ್ನು ಕೊಡಬೇಕು ಎಂದು ತೀರ್ಮಾನ ಮಾಡಲು ಒಬ್ಬನೇ ಒಬ್ಬ ಮನುಷ್ಯ ಬೇಕಾಗಿತ್ತು. ಆ ಮನುಷ್ಯ ಇನ್ನೂ ತನ್ನವನಾಗಿ ಉಳಿದಿದ್ದಾನೋ ಇಲ್ಲವೋ ಅನ್ನುವುದೂ ಗೊತ್ತಾಗಬೇಕಾಗಿತ್ತು. ಎರಡಕ್ಕೂ ದೊಡ್ಡ ಪ್ರಿಂಟ್ ಹಾಕಿಸಿ, ರಟ್ಟಿನ ನಡುವೆ ಇಟ್ಟುಕೊಂಡು, ಭಾನುವಾರ ಕುರುಗೋಡಿನ ಬಸ್ ಹತ್ತಿದ.

ಕುರುಗೋಡಿನ ಬಂಡೆಗುಡ್ಡಗಳು ಹತ್ತಿರವಾದಂತೆ ಅವನಿಗೆ ಹಳೆಯ ಪುಕುಪುಕು ಶುರುವಾಯಿತು. ಸ್ಟುಡಿಯೋದ ಶಟರಿನ ಕೆಳಗೆ ಬಗ್ಗುವಾಗ ಆಗುತ್ತಿತ್ತಲ್ಲ, ಅದೇ.

ಬಸಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಬೇವಿನ ನೆರಳಿನಲ್ಲಿ ಕೂತಿದ್ದ. ಸ್ವಲ್ಪ ಇಳಿದಿದ್ದ, ಉಳಿದಂತೆ ಅದೇ ಬಿಳಿ ಅಂಗಿ, ಅದೇ ನೆಟ್ಟನೆಯ ಬೆನ್ನು. ಜಿಲಾನಿ "ಬಸಣ್ಣಾ" ಎಂದಿದ್ದೇ ತಡ, ಮುಖ ಅರಳಿತು.

"ಲೇ ಜಿಲಾನಿ! ಬಾರಲೇ, ಎಷ್ಟು ದಿನಾ ಆತೋ. ಸುವರ್ಣಾ, ನೋಡು ಯಾರು ಬಂದಾರಂತ. ಚಾ ಇಡು, ಸಕ್ರಿ ಅವನಿಗೊಬ್ಬಗ ಹಾಕು."

ಸುವರ್ಣಮ್ಮ ಬಾಗಿಲಿಗೆ ಬಂದು, "ಬರ್ರಿ ಜಿಲಾನಿ ಅಣ್ಣ, ಕುಲ್ಸುಂ ಅಕ್ಕನ್ನ ಯಾಕ ಕರಕೊಂಡು ಬರಲಿಲ್ಲ?" ಎಂದಳು. ಇನ್ನೇನೋ ಹೇಳಲು ಹೋದವಳು ಗಂಡ ಕೆಮ್ಮಿದ್ದಕ್ಕೆ ಸುಮ್ಮನಾಗಿ ಒಳಗೆ ಹೋದಳು.

ಮಳೆ, ಬೆಲೆ, ಅಂಗಡಿಯನ್ನು ಅಳಿಯನಿಗೆ ವಹಿಸಿದ್ದು, ಹಳಬರಲ್ಲಿ ಯಾರಿದ್ದಾರೆ, ಯಾರಿಲ್ಲ, ಎಲ್ಲ ಮಾತಾಯಿತು. ಚಹಾ ಮುಗಿದ ಮೇಲೆ ಜಿಲಾನಿ ರಟ್ಟು ಬಿಚ್ಚಿ ಮೊದಲ ಫೋಟೋವನ್ನು ಬಸಣ್ಣನ ಕೈಗಿಟ್ಟ. "ಎರಡು ತಂದೀನಿ. ಒಂದು ಗ್ವಾಡಿಗೆ ಹೋಗಬೇಕು" ಎಂದಷ್ಟೇ ಹೇಳಿ ಬಾಯಿ ಮುಚ್ಚಿದ. ಕಟ್ಟಳೆ ಕಟ್ಟಳೆಯೇ.

ಬಸಣ್ಣ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು, ತೋಳು ಚಾಚಿ, ತಲೆಯನ್ನು ಒಂದು ಕಡೆಗೆ ವಾಲಿಸಿದ. ಬೇವಿನ ಎಲೆಯ ನೆರಳು ಬೆಳ್ಳಕ್ಕಿಯ ಮೇಲೆ ಆಡುತ್ತಿತ್ತು. ಫೋಟೋ ತಲೆಕೆಳಗಾಗಿತ್ತು. ಅದನ್ನು ನೋಡಿ ಜಿಲಾನಿಯ ಎದೆ ತುಂಬಿಬಂತು. ಎರ್ರಿಸ್ವಾಮಿಯ ಪಾಠ! ಇವನು ಮರೆತಿಲ್ಲ, ಬೆಳಕು, ನೆರಳು ತೂಗಿ ನೋಡುತ್ತಿದ್ದಾನೆ. ಈಗ ಉಗುರು ಇಡುತ್ತಾನೆ, ಈಗ ಕೇಳುತ್ತಾನೆ ಎಂದು ಕಾದು ಕೂತ.

"ಚೆನ್ನಾಗೈತಿ," ಎಂದ ಬಸಣ್ಣ.

ಜಿಲಾನಿ ಎರಡನೆಯದನ್ನು ಕೊಟ್ಟ. ಅದನ್ನು ನೆಟ್ಟಗೇ ಹಿಡಿದು, ಅಷ್ಟೇ ಹೊತ್ತು ನೋಡಿ, "ಇದೂ ಚೆನ್ನಾಗೈತಿ. ಯಾವುದಾದ್ರೂ ಕೊಡು" ಎಂದ.

ಬೀದಿಯಲ್ಲಿ ಟಂಟಂ ಆಟೋ ಒಂದು ಹಾರನ್ ಹೊಡೆದು ಹೋಯಿತು. ಜಿಲಾನಿ ನಗಲು ನೋಡಿದ. "ಬಸಣ್ಣ, ಎರಡು ಸಲ ಅಂದಿ. ಎರಡು ಸಲ ಮಿರ್ಚಿ ತರಿಸಬೇಕಾಗ್ತೈತಿ."

"ತರಸ್ತೀನಿ ಬಿಡು."

ಹಿಂದೆಲ್ಲ ದಂಡ ಕಟ್ಟುವುದೆಂದರೆ ಬಸಣ್ಣ ಕೋರ್ಟಿನಲ್ಲಿ ವಾದಿಸಿದಂತೆ ವಾದಿಸುತ್ತಿದ್ದ. ಈಗ ಇಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ಜಿಲಾನಿಗೆ ತಡೆಯಲಾಗಲಿಲ್ಲ.

"ನನಗ ಮಿರ್ಚಿ ಬ್ಯಾಡ ಮಾರಾಯಾ! ಚೆನ್ನಾಗೈತಿ ಅನ್ನಾಕ ಅಲ್ಲಿ ಗುಂಪಿನಾಗ ಮುನ್ನೂರು ಮಂದಿ ಅದಾರ. ಬಸ್ ಹತ್ತಿ ಇಲ್ಲಿಗಂಟ ಬಂದಿದ್ದು ಅದಕ್ಕೇನು? ನಾ ಏನು ತಪ್ಪು ಮಾಡೀನಿ ಹೇಳು. ಒಂದು ವರ್ಷಾತು, ಬರೀ ಹೆಬ್ಬೆರಳು ತೋರಸ್ತಿ. ನನ್ನ ಫೋಟೋ ನಿನ್ನ ಬಾಯಿಗೆ ಬ್ಯಾಸರಾತೇನು?"

ಬಸಣ್ಣ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಅಂಚನ್ನು ಬೆರಳಿನಿಂದ ಸವರಿದ. ಆಮೇಲೆ ಕೇಳಿದ, "ಲೇ ಜಿಲಾನಿ, ಇದು ಯಾವ ಹಕ್ಕಿ?"

ಮಸುಕು ಫೋಟೋ ತಂದವರನ್ನು ಸ್ಟುಡಿಯೋದಲ್ಲಿ ಹೀಗೇ ಕೆಣಕುತ್ತಿದ್ದರು. ಜಿಲಾನಿಗೆ ಮೈಯೆಲ್ಲ ಉರಿಯಿತು. "ಯಾಕ, ಕಾಣಂಗಿಲ್ಲೇನು?"

"ಇಲ್ಲ," ಎಂದ ಬಸಣ್ಣ. "ಕಾಣಂಗಿಲ್ಲ."

ಅದನ್ನು ಅವನು ಹೇಳಿದ ರೀತಿಗೆ ಜಿಲಾನಿಯ ಕೋಪ ನಿಂತಲ್ಲೇ ನಿಂತಿತು. ಸುವರ್ಣಮ್ಮ ಬಾಗಿಲಲ್ಲಿ ನಿಂತಿದ್ದಳು. "ನಾ ಎಷ್ಟು ಸಲ ಹೇಳೀನಿ, ಜಿಲಾನಿ ಅಣ್ಣಗರ ಹೇಳ್ರಿ ಅಂತ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಲೇಸರ್ ಹೊಡೆಸಿದ್ದರು, ಸೂಜಿ ಹಾಕಿಸಿದ್ದರು. ಇದ್ದದ್ದು ಉಳಿದರೆ ಸಾಕು, ಹೋದದ್ದು ಬರುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. "ನಟ್ಟನಡುವ ಹೊಗಿ ಕುಂತಂಗೈತಿ," ಎಂದ ಬಸಣ್ಣ. "ಅಂಚಿನಾಗ ಒಂಚೂರು ಬೆಳಕು ತಿಳೀತೈತಿ. ಮಂದಿನ್ನ ದನಿ ಮ್ಯಾಲೆ ಗುರುತು ಹಿಡೀತೀನಿ. ನಿನ್ನ ಫೋಟೋ ಬಂದ್ರ ಒಂದು ಹೆಬ್ಬೆಟ್ಟು ಒತ್ತಾಕ ಈಕಿಗೆ ಹೇಳಿದ್ದೆ. ನಾ ಅದೀನಿ ಅಂತ ನಿನಗ ಗೊತ್ತಿರಲಿ ಅಂತ."

"ಬಳ್ಳಾರಿಗಂಟ ಬಂದು, ನನಗ ಒಂದು ಮಾತು ಹೇಳಬಾರದೇನು ಬಸಣ್ಣ?"

"ಏನಂತ ಹೇಳಲಿ? ನಾ ಒಂದು ಚಲೋ ಫೋಟೋ ತಗದವನಲ್ಲ. ನಾ ತಂದಿದ್ದಕ್ಕೆಲ್ಲ ನೀವು ಉಗಿದೀರಿ. ನನ್ನ ಹತ್ರ ಇದ್ದದ್ದು ನೋಡೋದೊಂದೇ. ಅದೂ ಹೋತಂದ ಮ್ಯಾಲೆ ನಾ ನಿಮಗ ಯಾತಕ್ಕ ಬೇಕು?"

ಜಿಲಾನಿ ಮೊದಲು ಕೊಟ್ಟಿದ್ದ ಬೆಳ್ಳಕ್ಕಿಯ ಫೋಟೋವನ್ನು ಎತ್ತಿ ತನ್ನ ಮುಂದೆ ಇಟ್ಟುಕೊಂಡ.

"ಬೆಳ್ಳಕ್ಕಿ," ಎಂದ. "ಸಿರುಗುಪ್ಪದ ಹೊಳಿದು. ಮುಂಜಾನಿ."

"ಏ, ಬಾಯಿ ಮುಚ್ಚು. ತಗದವ ಮಾತಾಡಂಗಿಲ್ಲ."

"ನೋಡವಗ ಕಣ್ಣಿದ್ದಾಗಿನ ಮಾತು ಅದು. ಈಗ ಕಟ್ಟಳಿ ತಿರುವಿ ಹಾಕ್ಕೋ. ನಾ ಹೇಳ್ತೀನಿ, ನೀ ಬೈಯಿ."

ಬಸಣ್ಣ ಕಟ್ಟೆಯ ಮೇಲೆ ಮುಂದಕ್ಕೆ ಸರಿದು ಕೂತ. "ಸುವರ್ಣಾ," ಎಂದು ಕೂಗಿದ, "ಅಲ್ಮಾರದಾಗ ಆ ರಟ್ಟು ಅದಾವಲ್ಲ, ತಗೊಂಡು ಬಾ. ನೀನೂ ಬಂದು ಕುಂದ್ರು. ಇವ ಸುಳ್ಳು ಹೇಳಿದ್ರ ನನಗ ಹೆಂಗ ಗೊತ್ತಾಗಬೇಕು?"

ಜಿಲಾನಿ ಹಿಂದೆ ಕತ್ತರಿಸಿಕೊಟ್ಟಿದ್ದ ರಟ್ಟುಗಳು ಬಂದವು. ಅಂಚು ಸವೆದು ಮೆತ್ತಗಾಗಿದ್ದವು. ಬಸಣ್ಣ ಅವನ್ನು ಕೈಯಲ್ಲಿ ಹಿಡಿದುಕೊಂಡ ಮೇಲೆ ಹಳೆಯ ಬಸಣ್ಣನಂತೆಯೇ ಕಂಡ. "ಹ್ಞೂಂ, ಹೇಳು."

ಜಿಲಾನಿ ಹೇಳಿದ. ಸೂರ್ಯ ಹೇಗೆ ಹೊಳೆಯಿಂದ ಎದ್ದಂತಿದೆ, ಮೋಡಕ್ಕೆ ಹೇಗೆ ಕುಂಕುಮ ಬಳಿದಂತಿದೆ, ನೀರಿನಲ್ಲಿ ಆ ಕೆಂಪು ಹೇಗೆ ಒಡೆದು ಹರಡಿದೆ.

"ಹಕ್ಕಿ?"

"ರೆಕ್ಕಿ ಬಿಚ್ಚೈತಿ."

"ಅದನ್ನ ಎಲ್ಲಾ ಹಕ್ಕಿ ಮಾಡ್ತಾವು. ಎದ್ದು ಹೊಂಟೈತೋ, ಇಳ್ಯಾಕತ್ತೈತೋ? ಹಸಿದೈತೋ? ಅಂಜೈತೋ? ಕಾಲು ಎಲ್ಲಿ ಅದಾವು?"

ಜಿಲಾನಿ ಫೋಟೋ ನೋಡಿದ. ಸೂರ್ಯನಿಗೆ ಎದುರಾಗಿದ್ದರಿಂದ ಬೆಳ್ಳಕ್ಕಿ ಬರೀ ಕಪ್ಪು ಆಕಾರ. ಕಾಲು ಎಲ್ಲಿವೆ ಎಂದು ಅವನಿಗೂ ಕಾಣಲಿಲ್ಲ. ಎಷ್ಟು ಸಲ ನೋಡಿದ್ದ ಫೋಟೋ, ಈ ಮಾತು ಹೊಳೆದೇ ಇರಲಿಲ್ಲ.

"ಸೂರ್ಯನ ಬಗ್ಗೆ ಅಷ್ಟು ಹೇಳಿದಿ, ಹಕ್ಕಿ ಬಗ್ಗೆ ಹೇಳಾಕ ನಿನಗ ಒಂದು ಮಾತು ಸಿಗವಲ್ದು," ಎಂದ ಬಸಣ್ಣ. "ಹಂಗಾರ ಅದು ಯಾಕಲ್ಲಿ ಐತಿ?"

"ಬ್ಯಾಂಕಿನವರು ಕೊಡೋ ಕ್ಯಾಲೆಂಡರಿನಾಗ ಇರ್ತೈತಲ್ಲ, ಅಂಥದು," ಎಂದಳು ಸುವರ್ಣಮ್ಮ. ತಕ್ಷಣ ಸೆರಗು ಬಾಯಿಗೆ ಹಿಡಿದು, "ತಪ್ಪು ತಿಳೀಬ್ಯಾಡ್ರಿ ಅಣ್ಣ" ಎಂದಳು.

ಜಿಲಾನಿ ಇಂಥ ಮಾತು ಕೇಳಿ ಎಷ್ಟು ವರ್ಷವಾಗಿತ್ತು! "ಬರಲಿ ಅಕ್ಕಾ, ಇನ್ನೂ ಬರಲಿ," ಎಂದು ನಗುತ್ತ ಎರಡನೆಯದನ್ನು ಎತ್ತಿಕೊಂಡ.

ಗೀಜಗದ ಫೋಟೋ ಹೇಳಲು ಶುರು ಮಾಡಿದವನು ನಿಲ್ಲಿಸಲಿಲ್ಲ. ಕಾಲುವೆ ಮೇಲೆ ಬಾಗಿದ ಜಾಲಿ ಗಿಡ. ಗೂಡು ಅರ್ಧ ಆಗಿದೆ, ಇನ್ನೂ ಹಸಿರು ಆರಿಲ್ಲ. ಗಂಡು ತಲೆಕೆಳಗಾಗಿ ಜೋತುಬಿದ್ದು ಭತ್ತದ ಎಲೆಯ ಒಂದು ಸೀಳನ್ನು ಒಳಗಿನಿಂದ ಎಳೆಯುತ್ತಿದೆ. ಎಳೆಯುವ ರಭಸಕ್ಕೆ ಒಂದು ಕಾಲು ಗೂಡನ್ನು ಬಿಟ್ಟಿದೆ. ಪಕ್ಕದ ಕೊಂಬೆಯ ಮೇಲೆ ಹೆಣ್ಣು ಕೂತಿದೆ, ಆದರೆ ಇವನ ಕಡೆ ನೋಡುತ್ತಿಲ್ಲ. ಮುಖ ಆಚೆ.

"ಪಸಂದಾಗಿಲ್ಲ ಆಕಿಗೆ," ಎಂದಳು ಸುವರ್ಣಮ್ಮ.

"ಪಸಂದಾಗಿಲ್ಲ ಅಕ್ಕಾ. ಇದಕ್ಕೂ ಮೊದಲು ಒಂದು ಕಟ್ಟಿದ್ದ, ಆಕಿ ಒಳಗ ಹೋಗಿ ನೋಡಿ ಬ್ಯಾಡಂದಿದ್ಲು. ಅದನ್ನ ಅಲ್ಲೇ ಬಿಟ್ಟು ಇದನ್ನ ಹಿಡಿದಿದ್ದ." ಜಿಲಾನಿಯ ಕೈಗಳು ತಾವಾಗಿಯೇ ಗೂಡು ನೇಯುತ್ತಿದ್ದವು. ಬಸಣ್ಣ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಅವನು ನೋಡುತ್ತಿದ್ದಾನೆ ಎಂದು ಜಿಲಾನಿಗೆ ಅನ್ನಿಸಿತು.

"ಮತ್ತ?" ಎಂದ ಬಸಣ್ಣ. "ಹಿಂದ ಏನೈತಿ?"

"ಭತ್ತದ ಗದ್ದಿ. ಹಸರು."

"ಅಷ್ಟೇ ಏನು?"

"ಅಷ್ಟೇ."

ಸುವರ್ಣಮ್ಮ ಬಗ್ಗಿ ನೋಡಿದಳು. "ಈ ಮೂಲ್ಯಾಗ ಪ್ಯಾಂಟ್ ಐತಲ್ಲ ಅಣ್ಣ?"

ಜಿಲಾನಿ ತಲೆ ಕೆರೆದುಕೊಂಡ. ಗದ್ದೆಯಲ್ಲಿ ಯಾರೋ ನಿಲ್ಲಿಸಿದ ಬೆದರುಗೊಂಬೆ. ಅದಕ್ಕೆ ತೊಡಿಸಿದ್ದು ಒಂದು ನೀಲಿ ಜೀನ್ಸ್ ಪ್ಯಾಂಟು, ಹೊಲಿಗೆ ಓರೆಯಾಗಿದ್ದಕ್ಕೆ ಯಾವುದೋ ಯೂನಿಟ್ಟಿನವರು ಬದಿಗೆ ಎಸೆದ ಮಾಲು. ಫೋಟೋದ ಬಲ ಮೂಲೆಯಲ್ಲಿ ಅದರ ಸೊಂಟ, ಒಂದು ಜೇಬು, ಗಾಳಿಗೆ ಉಬ್ಬಿದ ಒಂದು ಕಾಲು ಬಂದಿದ್ದವು.

"ಸುಳ್ಳಾ!" ಎಂದು ಬಸಣ್ಣ ರಟ್ಟಿನಿಂದ ಜಿಲಾನಿಯ ಮೊಣಕಾಲಿಗೆ ಬಡಿದ. "ಯಾಕ ಹೇಳಲಿಲ್ಲ?"

"ಅದನ್ನ ಕತ್ತರಸಬೇಕಂತ ಮಾಡೀನಿ. ಮನಿಷ್ಯಾರ ವಸ್ತು ಯಾವುದೂ ಇರಬಾರದು ಅಂತ ಡಾಕ್ಟ್ರಮ್ಮನ ರೂಲ್ಸ್ ಐತಿ. ನಿಸರ್ಗ ಅಂದ್ರ ನಿಸರ್ಗ."

"ಸುವರ್ಣಾ, ರಟ್ಟು ಇಡು. ಪ್ಯಾಂಟ್ ಮುಚ್ಚಿ ನೋಡು."

ಆಕೆ ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು. ಇಷ್ಟು ವರ್ಷ ಭಾನುವಾರ ರಾತ್ರಿ ಊಟಕ್ಕೆ ಕೂತ ಗಂಡನ ಬಾಯಲ್ಲಿ ಇವರೆಲ್ಲರ ಫೋಟೋಗಳ ಜಾತಕ ಕೇಳಿದವಳು. "ಮುಚ್ಚಿದ್ರ ಹಕ್ಕಿ ಚಂದ ಕಾಣ್ತಾವು," ಎಂದಳು. "ತಗದ್ರ... ಆ ಹಕ್ಕಿ ಅಂಜಲಿ ಅಂತ ಪ್ಯಾಂಟ್ ಕಟ್ಟ್ಯಾರ. ಅದು ಅಂಜಿಲ್ಲ. ಅದರ ಬಾಜೂಕ ಮನಿ ಕಟ್ಟಾಕತ್ತೈತಿ."

"ಪ್ಯಾಂಟ್ ಯಾಕಲ್ಲಿ ಐತಿ ಅಂತ ಕೇಳಾಕ ನನಗ ಜಾಗಾನ ಇಲ್ಲ," ಎಂದ ಬಸಣ್ಣ. "ಲೇ, ನೀ ಜನ್ಮವೆಲ್ಲ ಪ್ಯಾಂಟ್ ಕತ್ತರಿಸಿದಿ, ಬಿಡುವಿದ್ದಾಗ ಹಕ್ಕಿ ಹಿಂದ ಓಡಿದಿ. ಎರಡೂ ತಾವಾಗೇ ಬಂದು ಒಂದು ಫೋಟೋದಾಗ ನಿಂತಾವು. ಅದಕ್ಕ ಕತ್ರಿ ಹಾಕ್ತೀಯೇನು?"

ಬಸ್ಸಿನ ಹೊತ್ತಾಗಿತ್ತು. ಜಿಲಾನಿ ಫೋಟೋಗಳನ್ನು ಕಟ್ಟಿಕೊಂಡ. ಬೀದಿಯವರೆಗೆ ಬಂದ ಬಸಣ್ಣ ಅವನ ತೋಳು ಹಿಡಿದುಕೊಂಡು, "ಮುಂದಿನ ಐತವಾರ ಮಿರ್ಚಿ ನಂದು. ಎರಡು ಸಲ ಅಂದೀನಿ, ಒಪ್ಕೊಂತೀನಿ. ಆದ್ರ ಕಣ್ಣು ಕಾಣದೆ ಅಂದಿದ್ದಕ್ಕ ದಂಡ ಅರ್ಧ ಆಗಬೇಕು" ಎಂದು ವಾದ ಶುರು ಮಾಡಿದ.

"ಪೂರ್ತಿ," ಎಂದ ಜಿಲಾನಿ. "ಕಾಣದೆ ಚೆನ್ನಾಗೈತಿ ಅಂದವಗ ಡಬಲ್ ಹಾಕಬೇಕಾಗಿತ್ತು."

ಶಾಂಭವಿಗೆ ಅವನು ಪ್ಯಾಂಟು ಸಮೇತ ಗೀಜಗವನ್ನೇ ಕಳಿಸಿದ. ಆಕೆ ಮರುದಿನ ಫೋನ್ ಮಾಡಿದಳು. "ಅಂಕಲ್, ಭಾಳ ಸಲ ನೋಡಿದೆ. ನನಗ ಸೇರ್ತು. ಆದ್ರ ಆ ಮೂಲಿ ಒಂದೀಟು ಕ್ರಾಪ್ ಮಾಡಿ ಕೊಡ್ರಿ. ಒಬ್ರಿಗೆ ಸಡಿಲ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ. ಇಲ್ಲಾಂದ್ರ ನಿಮ್ಮ ಬೆಳ್ಳಕ್ಕಿ ಐತಲ್ರಿ, ಅದನ್ನ ಹಾಕೋಣು. ಅದಕ್ಕ ಫಸ್ಟ್ ಗ್ವಾಡಿ ಕೊಡ್ತೀನಿ."

ಫಸ್ಟ್ ಗೋಡೆ ಎಂದರೆ ಹಾಲ್‌ನ ಬಾಗಿಲು ತೆಗೆದ ಕೂಡಲೇ ಎದುರಿಗೆ ಕಾಣುವುದು. ಜಿಲಾನಿ ಯೋಚಿಸಲು ಒಂದು ದಿನ ಕೇಳಿಕೊಂಡ. ಆ ಸಂಜೆ ಬೆಳ್ಳಕ್ಕಿಯನ್ನು ಮೇಜಿನ ಮೇಲಿಟ್ಟು ನೋಡಿದ. ಸೂರ್ಯ ಇದ್ದ, ಮೋಡ ಇತ್ತು, ನೀರು ಇತ್ತು. ಹಕ್ಕಿಯ ಬಗ್ಗೆ ಹೇಳಲು ಈಗಲೂ ಒಂದು ಮಾತು ಸಿಗಲಿಲ್ಲ. ಕುಲ್ಸುಂಬೀ ಹಿಂದಿನಿಂದ ಬಂದು, "ಎಲ್ಲಾ ಮಂದಿ ಇದನ್ನ ನೋಡಿ ಹೊಗಳ್ತಾರ, ಕೊಟ್ಟುಬಿಡ್ರಿ" ಎಂದಳು.

"ಹೊಗಳ್ತಾರ," ಎಂದ ಜಿಲಾನಿ. "ಅದೇ ತಂಟೆ."

ಈ ಸಲಕ್ಕೆ ನನ್ನದು ಬೇಡಮ್ಮ, ಬೇಜಾರಿಲ್ಲ ಎಂದು ಶಾಂಭವಿಗೆ ಹೇಳಿದ. ಆಕೆಗೇ ಬೇಜಾರಾಯಿತು. ಜಿಲಾನಿ ಪ್ರದರ್ಶನಕ್ಕೆ ಹೋಗಿ, ಎಲ್ಲರ ಫೋಟೋಗಳನ್ನೂ ನಿಂತು ನೋಡಿ ಬಂದ. ಫಸ್ಟ್ ಗೋಡೆಗೆ ಯಾರದೋ ನವಿಲು ಬಂದಿತ್ತು. ಅದರ ಮುಂದೆ ನಿಂತಾಗ ಸ್ವಲ್ಪವೂ ಹೊಟ್ಟೆಯುರಿ ಆಗಲಿಲ್ಲ ಎಂದರೆ ಸುಳ್ಳಾದೀತು.

ಈಗ ಗೀಜಗದ ಫೋಟೋ ಕುರುಗೋಡಿನಲ್ಲಿದೆ. ಸುವರ್ಣಮ್ಮ ನಡುಮನೆಯಲ್ಲಿ ದಾರ ಕಟ್ಟಿ, ಬಟ್ಟೆಯ ಕ್ಲಿಪ್ ಹಾಕಿ ತೂಗುಬಿಟ್ಟಿದ್ದಾಳೆ. ಭಾನುವಾರ ಜಿಲಾನಿ ಹೋಗುತ್ತಾನೆ. ಒಮ್ಮೊಮ್ಮೆ ಕುಲ್ಸುಂಬೀಯೂ ಬರುತ್ತಾಳೆ. ಅವನು ಹೇಳುತ್ತಾನೆ, ಸುವರ್ಣಮ್ಮ ಸುಳ್ಳು ಹಿಡಿಯುತ್ತಾಳೆ, ಬಸಣ್ಣ ಬೈಯುತ್ತಾನೆ. ಸಿರುಗುಪ್ಪದ ಕಾಲುವೆ ದಂಡೆಯಲ್ಲಿ ಬಟನ್ ಮೇಲೆ ಬೆರಳಿಟ್ಟಾಗ, ಇದನ್ನು ಬಸಣ್ಣನಿಗೆ ಏನೆಂದು ಹೇಳಲಿ ಎಂದು ಜಿಲಾನಿ ಈಗ ಯೋಚಿಸುತ್ತಾನೆ. ಹೇಳಲು ಏನೂ ಇಲ್ಲದಿದ್ದರೆ ಬೆರಳು ತೆಗೆಯುತ್ತಾನೆ. ಐನೂರು ಫೋಟೋ ಬರುತ್ತಿದ್ದ ಮುಂಜಾನೆಗೆ ಈಗ ಒಂದು ರೋಲಿನಷ್ಟೂ ಬರುವುದಿಲ್ಲ.

ಗೋಡೆಯ ಮೇಲೆ ಅವನ ಫೋಟೋ ಬರಲಿಲ್ಲ. ಇನ್ನು ಬರುವುದೂ ಅನುಮಾನ. ಬಸಣ್ಣನ ಕಣ್ಣೂ ಬರಲಿಲ್ಲ, ಅದು ಬರುವುದಿಲ್ಲ. ತಪ್ಪನ್ನು ತಪ್ಪು ಎಂದು ಹೇಳುವ ಒಬ್ಬ ಗೆಳೆಯ ಜಿಲಾನಿಗೆ ವಾಪಸ್ ಸಿಕ್ಕ, ಬಸಣ್ಣನಿಗೆ ಮಾಡಲು ಅವನ ಕೆಲಸ ವಾಪಸ್ ಸಿಕ್ಕಿತು.